ಪರದೇಶದಲ್ಲಿ ಬ್ಯಾಂಕ್ ಕಾರ್ಡ್ ಕಳೆದುಹೋದರೆ ಹಣ ಕೈಗೆ ಬರುವ ದಾರಿಗಳು

ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪ ಮತ್ತು ಚಿಕ್ಕಮ್ಮ ನಿವೃತ್ತಿಯ ಬಳಿಕ ಮೊದಲ ಸಲ ಯುರೋಪ್ ಪ್ರವಾಸಕ್ಕೆ ಹೋಗಿದ್ದಾಗ, ರೋಮ್ ನಗರದ ಟರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ ಬಸ್ಸಿನ ನೂಕುನುಗ್ಗಲಿನಲ್ಲಿ ಚಿಕ್ಕಪ್ಪನ ಪರ್ಸನ್ನು ಯಾರೋ ಎಗರಿಸಿದರು. ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ಪ್ರವಾಸಕ್ಕೆಂದು ಬ್ಯಾಂಕಿನಲ್ಲಿ ವಿದೇಶಿ ಹಣ ತುಂಬಿಸಿ ಮಾಡಿಸಿಕೊಂಡಿದ್ದ ಫಾರೆಕ್ಸ್ ಕಾರ್ಡ್ ಮೂರೂ ಅದರಲ್ಲೇ ಇದ್ದವು. ಅಲ್ಲಿ ಶುಕ್ರವಾರ ಸಂಜೆ ಐದೂವರೆ. ಬೇಸಿಗೆಯಾದ್ದರಿಂದ ಮೂರೂವರೆ ಗಂಟೆಯ ಅಂತರ, ಅಂದರೆ ನಮ್ಮಲ್ಲಿ ರಾತ್ರಿ ಒಂಬತ್ತು. ಮರುದಿನ ತಿಂಗಳ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಅವರ ಬ್ಯಾಂಕಿನ ಶಾಖೆಯ ಬಾಗಿಲು ತೆರೆಯಲು ಇನ್ನೂ ಎರಡೂವರೆ ದಿನ ಕಾಯಬೇಕಿತ್ತು. ಚಿಕ್ಕಮ್ಮನ ಕೈಚೀಲದಲ್ಲಿದ್ದ ಫೋನಿನಿಂದ ನನಗೆ ಕರೆ ಬಂದಾಗ ಚಿಕ್ಕಪ್ಪ ಆಡಿದ ಮೊದಲ ಮಾತು, "ಇದ್ದಬದ್ದ ದುಡ್ಡೆಲ್ಲ ಹೋಯ್ತಪ್ಪಾ" ಎಂದು.

ದುಡ್ಡು ಹೋಗಿರಲಿಲ್ಲ. ಅದು ಮೈಸೂರಿನ ಖಾತೆಯಲ್ಲಿ ಇದ್ದ ಹಾಗೆಯೇ ಇತ್ತು. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದ ಯೂರೋಗಳು ಕೂಡ ಆ ಪ್ಲಾಸ್ಟಿಕ್ ತುಂಡಿನೊಳಗೆ ಇರಲಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಇದ್ದವು. ಕಾರ್ಡ್ ಎಂಬುದು ಆ ಲೆಕ್ಕದ ಬಾಗಿಲು ತೆರೆಯುವ ಹಲವು ಬೀಗದ ಕೈಗಳಲ್ಲಿ ಒಂದು. ಅದು ಕಳೆದಾಗ ನಿಜವಾಗಿ ಎದುರಾಗುವುದು ಎರಡು ತೊಡಕುಗಳು. ನಾನೇ ಈ ಖಾತೆಯ ಒಡೆಯ ಎಂದು ಏಳು ಸಾವಿರ ಕಿಲೋಮೀಟರ್ ದೂರದಿಂದ ಬ್ಯಾಂಕಿಗೆ ಮನವರಿಕೆ ಮಾಡಿಕೊಡುವುದು ಹೇಗೆ ಎಂಬುದು ಒಂದು. ಭಾರತದಲ್ಲಿರುವ ಹಣವನ್ನು ಕಾನೂನು ಒಪ್ಪುವ ದಾರಿಯಲ್ಲಿ, ಒಂದೆರಡು ದಿನದೊಳಗೆ, ಪರದೇಶದಲ್ಲಿ ನಿಂತಿರುವವರ ಕೈಗೆ ತಲುಪಿಸುವುದು ಹೇಗೆ ಎಂಬುದು ಇನ್ನೊಂದು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಬಹುಪಾಲು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಪ್ರವಾಸಿಗರಿಗಾಗಿ ಬರೆದಂಥವು. ಅವುಗಳಲ್ಲಿ ಮುಖ್ಯವಾದ ಒಂದು ಸಲಹೆ ಭಾರತೀಯರಿಗೆ ಅನ್ವಯಿಸುವುದೇ ಇಲ್ಲ ಎಂಬುದು ಆ ರಾತ್ರಿ ನನಗೆ ತಿಳಿಯಿತು. ಅದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಕಾರ್ಡಿನ ಬಾಗಿಲು ಮುಚ್ಚುವುದು.

ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಹೊರಡಿಸಿದ ಆದೇಶದ ಪ್ರಕಾರ, ಹೊಸ ಕಾರ್ಡ್ ನಮ್ಮ ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಸ್ವೈಪ್ ಯಂತ್ರಗಳಲ್ಲಿ ಮಾತ್ರ ನಡೆಯುವಂತಿರುತ್ತದೆ; ವಿದೇಶಿ ಬಳಕೆ, ಆನ್‌ಲೈನ್ ಬಳಕೆ, ಯಂತ್ರಕ್ಕೆ ತಾಗಿಸಿ ಪಾವತಿಸುವ ಬಳಕೆ ಇವುಗಳನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಪ್ರವಾಸಕ್ಕೆ ಹೊರಡುವ ಮುನ್ನ ಎಲ್ಲರೂ ಬ್ಯಾಂಕಿನ ಆ್ಯಪ್‌ನಲ್ಲಿ ಈ ಗುಂಡಿ ಒತ್ತಿ ಹೋಗಿರುತ್ತಾರೆ. ಅದೇ ಗುಂಡಿಯನ್ನು ಹಿಂದಕ್ಕೆ ಸರಿಸಿದರೆ ವಿದೇಶಿ ಬಳಕೆ ಆ ಕ್ಷಣದಲ್ಲೇ ನಿಲ್ಲುತ್ತದೆ ಎಂಬುದು ಮಾತ್ರ ಗಾಬರಿಯಲ್ಲಿ ನೆನಪಾಗುವುದಿಲ್ಲ. ಹೋಟೆಲಿನ ಕೋಣೆಯಲ್ಲೇ ಕಾರ್ಡ್ ಬಿಟ್ಟುಬಂದಿರಬಹುದೆಂಬ ಅನುಮಾನವಿದ್ದರೆ ಇಷ್ಟು ಸಾಕು, ಕಾರ್ಡ್ ಸಿಕ್ಕಿದ ಮೇಲೆ ಮತ್ತೆ ಆನ್ ಮಾಡಬಹುದು. ಕಳವಾಗಿದೆ ಎಂಬುದು ಖಚಿತವಿದ್ದರೆ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ಶಾಶ್ವತವಾಗಿ ಬ್ಲಾಕ್ ಮಾಡಿಸಬೇಕು, ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. ಇಲ್ಲೊಂದು ಸಣ್ಣ ತೊಡರುಗಾಲಿದೆ. ಕಾರ್ಡಿನ ಬೆನ್ನಿಗೆ ಅಚ್ಚಾಗಿರುವ 1800ರಿಂದ ಶುರುವಾಗುವ ಉಚಿತ ಕರೆಯ ಸಂಖ್ಯೆ ಸಾಮಾನ್ಯವಾಗಿ ಪರದೇಶದಿಂದ ಸಿಗುವುದಿಲ್ಲ, ಮತ್ತು ಕಾರ್ಡೇ ಇಲ್ಲದ ಮೇಲೆ ಅದರ ಬೆನ್ನಿನ ಸಂಖ್ಯೆಯೂ ಇರುವುದಿಲ್ಲ. +91ರಿಂದ ಆರಂಭವಾಗುವ, ವಿದೇಶದಿಂದ ಕರೆ ಮಾಡಲೆಂದೇ ಬ್ಯಾಂಕುಗಳು ಇಟ್ಟಿರುವ ಬೇರೆ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಬೇಕು.

ಈ ಕೆಲಸವನ್ನು ನಿಮಿಷಗಳ ಲೆಕ್ಕದಲ್ಲಿ ಮುಗಿಸಬೇಕೆಂದು ಹೇಳುವುದಕ್ಕೆ ಕಾರಣವಿದೆ. ಭಾರತದೊಳಗೆ ಆನ್‌ಲೈನ್ ಪಾವತಿಗೆ ಒಟಿಪಿ ಕೇಳುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಫೋನು ನನ್ನ ಬಳಿಯೇ ಇರುವಾಗ ಕಾರ್ಡ್ ಕದ್ದವನು ಏನು ಮಾಡಿಯಾನು ಎಂಬ ಧೈರ್ಯ ಬಂದುಬಿಟ್ಟಿದೆ. ವಿದೇಶಿ ಜಾಲತಾಣಗಳಲ್ಲಿ ಒಟಿಪಿ ಕೇಳದೆಯೇ ಹಣ ಕಡಿತವಾಗುವುದುಂಟು. ಅಂಗಡಿಗಳಲ್ಲಂತೂ ಯೂರೋ ಬಳಸುವ ದೇಶಗಳಲ್ಲಿ ಸಾಮಾನ್ಯವಾಗಿ 50 ಯೂರೋವರೆಗಿನ ಖರೀದಿಗೆ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರಾಯಿತು, ಪಿನ್ ಬೇಡ. ಚಿಕ್ಕಪ್ಪ ಬಸ್ಸಿನಿಂದ ಇಳಿದು, ಜೇಬು ತಡವಿ, ಚೀಲವನ್ನೆಲ್ಲ ತಲೆಕೆಳಗು ಮಾಡಿ, ಕೊನೆಗೆ ನನಗೆ ಕರೆ ಮಾಡುವ ಹೊತ್ತಿಗೆ 40 ನಿಮಿಷ ಕಳೆದಿತ್ತು. ಅಷ್ಟರಲ್ಲಿ ಅವರ ಡೆಬಿಟ್ ಕಾರ್ಡ್ ಮೂರು ಅಂಗಡಿಗಳಲ್ಲಿ ತಾಗಿಸಲ್ಪಟ್ಟಿತ್ತು, ಮೂರೂ ಬಾರಿ 50 ಯೂರೋಗಿಂತ ತುಸು ಕಡಿಮೆ ಮೊತ್ತಕ್ಕೆ.

ಹೀಗೆ ಹೋದ ಹಣದ ಹೊಣೆ ಯಾರದು ಎಂಬುದನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಗದಿಪಡಿಸಿತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಅನಧಿಕೃತ ವಹಿವಾಟು ನಡೆದು, ಅದರ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕರು ಬ್ಯಾಂಕಿಗೆ ತಿಳಿಸಿದರೆ ಅವರ ಮೇಲೆ ಯಾವ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಮಿತಿಯುಳ್ಳ ಹೊಣೆ. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000 ರೂಪಾಯಿ. ಪಿನ್ ಅನ್ನು ಯಾರಿಗೋ ಹೇಳಿದ್ದು ಅಥವಾ ಕಾರ್ಡಿನ ಜೊತೆಗೇ ಚೀಟಿಯಲ್ಲಿ ಬರೆದಿಟ್ಟದ್ದು ಇಂಥ ಅಜಾಗರೂಕತೆಯಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ಇಡೀ ನಷ್ಟ ಗ್ರಾಹಕರದು. ತಿಳಿಸಿದ ನಂತರ ಆದದ್ದು ಬ್ಯಾಂಕಿನದು. ಗ್ರಾಹಕರೇ ತಪ್ಪಿತಸ್ಥರು ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ ಎಂಬ ಮಾತೂ ಆ ಸುತ್ತೋಲೆಯಲ್ಲಿದೆ, ಮತ್ತು ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು. ಚಿಕ್ಕಪ್ಪನ ಖಾತೆಗೆ ಆ ಮೂರು ಮೊತ್ತಗಳು ಹಾಗೆಯೇ ಮರಳಿದವು. ಗ್ರಾಹಕರ ಪರವಾಗಿ ಇಷ್ಟು ಸ್ಪಷ್ಟವಾಗಿ ಮಾತನಾಡುವ ನಿಯಮಗಳು ನಮ್ಮಲ್ಲಿ ಅಪರೂಪ, ಆದರೂ ಇದನ್ನು ಬಲ್ಲವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ಕಾರ್ಡ್ ಬ್ಲಾಕ್ ಆದ ಮೇಲೆ, ಹಣ ತಲುಪುವ ಪ್ರತಿಯೊಂದು ದಾರಿಯೂ ಫೋನಿನ ಮೂಲಕವೇ ಹಾದುಹೋಗುತ್ತದೆ. ನೆಟ್‌ಬ್ಯಾಂಕಿಂಗ್ ತೆರೆಯಲು, ಹೊಸ ಕಾರ್ಡ್ ಕೇಳಲು, ವಿದೇಶಿ ಬಳಕೆಯನ್ನು ಮತ್ತೆ ಆನ್ ಮಾಡಲು, ಎಲ್ಲಕ್ಕೂ ಬ್ಯಾಂಕಿನಲ್ಲಿ ನೋಂದಾಯಿಸಿದ ಭಾರತದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ. ಪರದೇಶದಲ್ಲಿ ವಿಮಾನ ಇಳಿದ ಕೂಡಲೇ ಅಗ್ಗದ ಸ್ಥಳೀಯ ಸಿಮ್ ಕೊಂಡು, ಭಾರತದ ಸಿಮ್ ಕಾರ್ಡನ್ನು ಬಿಚ್ಚಿ ಪರ್ಸಿನಲ್ಲಿಡುವವರು ಬಹಳ ಮಂದಿ. ಪರ್ಸ್ ಹೋದರೆ ಕಾರ್ಡ್ ಮತ್ತು ಒಟಿಪಿ ಎರಡೂ ಒಟ್ಟಿಗೆ ಹೋದಂತೆ. ಊರಿನಲ್ಲಿರುವ ಮಗನೋ ಮಗಳೋ ಅಂಗಡಿಗೆ ಹೋಗಿ ಅದೇ ಸಂಖ್ಯೆಯ ಸಿಮ್ ತಂದುಕೊಳ್ಳಬಹುದೆಂದುಕೊಂಡರೆ ಅದೂ ಸುಲಭವಲ್ಲ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಗುರುತಿನ ಪರಿಶೀಲನೆ ಆಗಬೇಕು. ಬದಲಿ ಸಿಮ್ ಸಿಕ್ಕಿದ ಮೇಲೂ ವಂಚನೆ ತಡೆಯುವ ಸಲುವಾಗಿ ಮೊದಲ 24 ಗಂಟೆ ಅದಕ್ಕೆ ಎಸ್‌ಎಂಎಸ್ ಬಾರದಂತೆ ತಡೆಹಿಡಿಯಲಾಗುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಭಾರತದ ಸಂಖ್ಯೆಯನ್ನು ರೋಮಿಂಗ್ ಚಾಲೂ ಇರುವಂತೆ ಉಳಿಸಿಕೊಂಡು, ಇಂಟರ್ನೆಟ್ಟಿಗೆ ಮಾತ್ರ ಸ್ಥಳೀಯ ಸಿಮ್ ಬಳಸುವುದು ಕ್ಷೇಮ. ಚಿಕ್ಕಮ್ಮನ ಕೈಚೀಲದಲ್ಲಿ ಆ ಫೋನು ಇರದೇ ಹೋಗಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಈಗ ನಗದಿನ ಮಾತು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಜಗತ್ತಿನಾದ್ಯಂತ ಹಗಲೂ ರಾತ್ರಿ ಉತ್ತರಿಸುವ ನೆರವಿನ ಕರೆಕೇಂದ್ರಗಳನ್ನು ನಡೆಸುತ್ತವೆ. ಕಾರ್ಡ್ ಕಳೆದವರು ಅಲ್ಲಿಗೆ ಕರೆ ಮಾಡಿದರೆ ಎರಡು ಬಗೆಯ ಸಹಾಯ ಕೇಳಬಹುದು. ಒಂದು, ಉಳಿದ ಪ್ರವಾಸಕ್ಕೆ ಸಾಲುವಷ್ಟು ದಿನ ಬಾಳುವ ತಾತ್ಕಾಲಿಕ ಬದಲಿ ಕಾರ್ಡ್. ಅದನ್ನು ಹೋಟೆಲಿನ ವಿಳಾಸಕ್ಕೆ ತಲುಪಿಸುತ್ತಾರೆ. ಇನ್ನೊಂದು, ತುರ್ತು ನಗದು. ಹತ್ತಿರದ ಹಣ ವರ್ಗಾವಣೆ ಏಜೆಂಟರ ಅಂಗಡಿಯಲ್ಲಿ ಪಾಸ್‌ಪೋರ್ಟ್ ಮತ್ತು ಕರೆಕೇಂದ್ರ ಕೊಟ್ಟ ಸಂಖ್ಯೆಯನ್ನು ತೋರಿಸಿ ಸ್ಥಳೀಯ ನೋಟುಗಳನ್ನು ಪಡೆಯಬಹುದು. ಆದರೆ ಆ ಹಣ ವೀಸಾದ್ದೂ ಅಲ್ಲ, ಮಾಸ್ಟರ್‌ಕಾರ್ಡಿನದೂ ಅಲ್ಲ. ಕರೆಕೇಂದ್ರದವರು ಕಾರ್ಡ್ ಕೊಟ್ಟ ಭಾರತದ ಬ್ಯಾಂಕನ್ನು ಸಂಪರ್ಕಿಸಿ, ಇಷ್ಟು ಹಣ ಕೊಡಬಹುದೇ ಎಂದು ಕೇಳುತ್ತಾರೆ. ಬ್ಯಾಂಕು ಹೂಂ ಎಂದರೆ ಮಾತ್ರ ಮುಂದಿನ ಹೆಜ್ಜೆ. ಈ ಸೌಲಭ್ಯ ಎಲ್ಲ ಕಾರ್ಡುಗಳಿಗೂ ಒಂದೇ ತೆರನಾಗಿ ಇರುವುದಿಲ್ಲ, ಮೇಲ್ದರ್ಜೆಯ ಕಾರ್ಡುಗಳಿಗೆ ಹೆಚ್ಚು ಸುಲಭ. ಕ್ರೆಡಿಟ್ ಕಾರ್ಡಿನ ಮೇಲೆ ಪಡೆದ ನಗದಿಗೆ ಶುಲ್ಕದ ಜೊತೆಗೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ, ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ಇದಕ್ಕಿಲ್ಲ. ನಮ್ಮ ಕರೆಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಬಂದಿತು; ಬ್ಯಾಂಕಿನ ಒಪ್ಪಿಗೆ ಮಾತ್ರ ವಾರಾಂತ್ಯ ಕಳೆಯುವವರೆಗೂ ಬರಲಿಲ್ಲ.

ಮೊದಲೇ ಹೇಳಿದ, ನಮಗೆ ಅನ್ವಯಿಸದ ಸಲಹೆ ಇದು: "ಮನೆಯವರಿಗೆ ಹೇಳಿ ವೆಸ್ಟರ್ನ್ ಯೂನಿಯನ್‌ನಂಥ ಸಂಸ್ಥೆಯ ಮೂಲಕ ಹಣ ಕಳುಹಿಸಿಕೊಳ್ಳಿ, ಹತ್ತು ನಿಮಿಷದಲ್ಲಿ ಸಿಗುತ್ತದೆ." ಅಮೆರಿಕದಲ್ಲಿ ಮನೆಯಿರುವವರಿಗೆ ಇದು ನಿಜ. ನಮ್ಮ ಊರುಗಳಲ್ಲೂ ಹಳದಿ ಕಪ್ಪು ಬಣ್ಣದ ಆ ಫಲಕಗಳು ಬೇಕಾದಷ್ಟು ಅಂಗಡಿಗಳ ಮೇಲೆ ಕಾಣುತ್ತವೆ, ಹಾಗಾಗಿ ಶನಿವಾರ ಬೆಳಿಗ್ಗೆ ನಾನೂ ರೂಪಾಯಿ ನೋಟುಗಳನ್ನು ಹಿಡಿದು ಅಂಥ ಒಂದು ಅಂಗಡಿಯ ಮುಂದೆ ನಿಂತೆ. ಅಲ್ಲಿದ್ದವರು ಸೌಜನ್ಯದಿಂದಲೇ ಹೇಳಿದರು: "ಇಲ್ಲಿ ಬರೋ ದುಡ್ಡು ತಗೋಬಹುದು ಸರ್, ಕಳಿಸೋಕಾಗಲ್ಲ." ರಿಸರ್ವ್ ಬ್ಯಾಂಕಿನ ಹಣ ವರ್ಗಾವಣೆ ಸೇವಾ ಯೋಜನೆಯಡಿ ಈ ಅಂಗಡಿಗಳು ಕೆಲಸ ಮಾಡುತ್ತವೆ, ಆ ಯೋಜನೆ ವಿದೇಶದಿಂದ ಭಾರತಕ್ಕೆ ಬರುವ ವೈಯಕ್ತಿಕ ಹಣಕ್ಕೆ ಮಾತ್ರ ಮೀಸಲು. ಅದರಲ್ಲೂ ಒಂದು ಬಾರಿಗೆ 2,500 ಡಾಲರ್ ಮೀರುವಂತಿಲ್ಲ, ಒಬ್ಬ ವ್ಯಕ್ತಿಗೆ ವರ್ಷಕ್ಕೆ 30 ಬಾರಿ ಮಾತ್ರ. ಗಲ್ಫಿನಿಂದ ಕರಾವಳಿಯ ಮನೆಗಳಿಗೆ ಬರುವ ಹಣ ಈ ಕಿಂಡಿಯಿಂದ ಬರುತ್ತದೆ. ಅದೇ ಕಿಂಡಿಯಿಂದ ಹೊರಗೆ ಹೋಗಲು ಅವಕಾಶವಿಲ್ಲ.

ಭಾರತದಿಂದ ಹೊರಗೆ ಹಣ ಕಳುಹಿಸುವ ಅಧಿಕೃತ ದಾರಿ ಉದಾರೀಕೃತ ರವಾನೆ ಯೋಜನೆ, ಬ್ಯಾಂಕಿನವರ ಮಾತಿನಲ್ಲಿ ಎಲ್‌ಆರ್‌ಎಸ್. ಇದರ ಪ್ರಕಾರ ಭಾರತದಲ್ಲಿ ನೆಲೆಸಿರುವ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಕ್ಕೆ ಕಳುಹಿಸಬಹುದು. ಮಿತಿ ದೊಡ್ಡದೇ, ದಾರಿ ಮಾತ್ರ ನಿಧಾನ. ಪ್ಯಾನ್ ಬೇಕು, ಎ2 ಎಂಬ ನಮೂನೆಯಲ್ಲಿ ಯಾವ ಉದ್ದೇಶಕ್ಕೆ ಹಣ ಹೋಗುತ್ತಿದೆ ಎಂದು ಘೋಷಿಸಬೇಕು, ಹಣ ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದ ಮೂಲಕ ಇನ್ನೊಂದು ಬ್ಯಾಂಕ್ ಖಾತೆಗೆ ಹೋಗಿ ಸೇರಲು ಒಂದರಿಂದ ಮೂರು ಕೆಲಸದ ದಿನ ಹಿಡಿಯಬಹುದು. ಬಸ್ಸಿನಲ್ಲಿ ಪರ್ಸ್ ಕಳೆದುಕೊಂಡ ಪ್ರವಾಸಿಗೆ ಅಲ್ಲಿ ಖಾತೆ ಎಲ್ಲಿಂದ ಬರಬೇಕು? ಆದ್ದರಿಂದ ಈ ದಾರಿ ಹೆಚ್ಚು ಒದಗುವುದು ಅಲ್ಲಿಯೇ ಖಾತೆ ತೆರೆದಿರುವ ವಿದ್ಯಾರ್ಥಿಗಳಿಗೆ ಮತ್ತು ಕೆಲಸದ ಮೇಲೆ ಹೋದವರಿಗೆ. ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಓದುತ್ತಿರುವ ಮಗಳು ಭಾರತದ ಕಾರ್ಡ್ ಕಳೆದುಕೊಂಡರೆ, ಅವಳ ಅಲ್ಲಿನ ಖಾತೆಗೇ ಅಪ್ಪ ಅಮ್ಮ ಹೀಗೆ ಹಣ ಹಾಕುವುದು ಸರಿಯಾದ ಕ್ರಮ. ಮೂರು ದಿನ ತಳ್ಳಲು ಸ್ನೇಹಿತರ ಕೈಗಡ ಇದ್ದೇ ಇರುತ್ತದೆ.

ಪ್ರವಾಸಿಗೆ ಇದಕ್ಕಿಂತ ಚುರುಕಾದ ದಾರಿ ಮೂರನೆಯ ದೇಶದಲ್ಲಿರುವ ನೆಂಟರು. ಲಂಡನ್, ನ್ಯೂಜೆರ್ಸಿ, ದುಬೈ ಎಲ್ಲಾದರೂ ಒಬ್ಬರು ಬಂಧುವೋ ಸ್ನೇಹಿತರೋ ಇಲ್ಲದ ಕನ್ನಡ ಕುಟುಂಬ ಈಗ ಹುಡುಕಿದರೆ ಸಿಕ್ಕೀತು. ಅಲ್ಲಿಂದ ಇಟಲಿಗೆ ನಗದು ಕಳುಹಿಸಲು ಭಾರತದ ಯೋಜನೆಯ ಅಡ್ಡಿಯಿಲ್ಲ. ಚಿಕ್ಕಮ್ಮನ ಅಕ್ಕನ ಮಗಳು ಲಂಡನ್ನಿನಲ್ಲಿದ್ದಳು. ಶನಿವಾರ ಮಧ್ಯಾಹ್ನ ಅಂಥದೇ ಒಂದು ಹಣ ವರ್ಗಾವಣೆ ಸಂಸ್ಥೆಗೆ ಫೋನಿನಲ್ಲೇ ಹಣ ಕಟ್ಟಿ, ಅದನ್ನು ಪಡೆಯಲು ತೋರಿಸಬೇಕಾದ ಸಂಖ್ಯೆಯನ್ನು ವಾಟ್ಸಾಪಿನಲ್ಲಿ ಕಳುಹಿಸಿದಳು. ಹೋಟೆಲಿನಿಂದ ಎರಡು ಬೀದಿಯಾಚೆ, ಸಿಗರೇಟು ಮತ್ತು ಬಸ್ ಟಿಕೆಟ್ ಮಾರುವ ಪುಟ್ಟ ಅಂಗಡಿಯಲ್ಲಿ ಚಿಕ್ಕಪ್ಪ ಸರದಿಯಲ್ಲಿ ನಿಂತರು. ಪಾಸ್‌ಪೋರ್ಟ್ ನೋಡಿದ ಅಂಗಡಿಯಾತ ತಲೆ ಅಲ್ಲಾಡಿಸಿದ. ಹೆಸರು ತಾಳೆಯಾಗಲಿಲ್ಲ.

ನಮ್ಮ ಕಡೆಯ ಹೆಸರುಗಳ ಈ ತೊಂದರೆಯನ್ನು ತುಸು ಬಿಡಿಸಿ ಹೇಳಬೇಕು. ಹೊಸಹಳ್ಳಿ ಸುಬ್ಬರಾಯ ಮಂಜುನಾಥ ಎಂಬ ಒಂದು ಹೆಸರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಊರಿನವರಿಗೆ ಅವರು ಮಂಜುನಾಥ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಚ್. ಎಸ್. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎಚ್. ಎಸ್., ಪಾಸ್‌ಪೋರ್ಟಿನಲ್ಲಿ ಮೂರೂ ಪದ ಒಟ್ಟಾಗಿ ಮೊದಲ ಹೆಸರಿನ ಜಾಗದಲ್ಲಿ ಕುಳಿತಿದ್ದು, ಕುಲನಾಮದ ಜಾಗ ಖಾಲಿ. ಹಣ ವರ್ಗಾವಣೆಯ ಸಂಸ್ಥೆಗಳು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆಗಳನ್ನು ತುಂಬಲು ಹೇಳುತ್ತವೆ. ಕಳುಹಿಸುವವರು ರೂಢಿಯಂತೆ ಮಂಜುನಾಥ ಎಂದು ಒಂದರಲ್ಲೂ ಎಚ್. ಎಸ್. ಎಂದು ಇನ್ನೊಂದರಲ್ಲೂ ಬರೆದರೆ, ಹಣ ಕೊಡುವಾತನ ಮುಂದಿರುವ ಪಾಸ್‌ಪೋರ್ಟಿನಲ್ಲಿ ಅಂಥ ವ್ಯಕ್ತಿಯೇ ಇರುವುದಿಲ್ಲ. ಆತ ಹಣ ನಿರಾಕರಿಸುವುದು ಹಟದಿಂದಲ್ಲ, ಅವನ ನಿಯಮವೇ ಹಾಗಿದೆ. ಪಾಸ್‌ಪೋರ್ಟಿನ ಪುಟದ ಚಿತ್ರವನ್ನು ಕಳುಹಿಸುವವರಿಗೆ ಮೊದಲೇ ಕೊಟ್ಟು, ಅಲ್ಲಿರುವ ಕಾಗುಣಿತ ಮತ್ತು ಅನುಕ್ರಮವನ್ನು ಅಕ್ಷರವೂ ತಪ್ಪದಂತೆ ತುಂಬಲು ಹೇಳಬೇಕು. ಲಂಡನ್ನಿನ ಹುಡುಗಿ ಸಂಸ್ಥೆಗೆ ಕರೆ ಮಾಡಿ ಹೆಸರು ತಿದ್ದಿಸಿದ ಮೇಲೆ, ಅದೇ ಸಂಜೆ ಅದೇ ಅಂಗಡಿಯಲ್ಲಿ ಯೂರೋ ನೋಟುಗಳು ಚಿಕ್ಕಪ್ಪನ ಕೈಗೆ ಬಂದವು.

ಯುಪಿಐ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಕೆಲವು ದೇಶಗಳಲ್ಲಿ ಆ ಪ್ರಶ್ನೆ ಸರಿಯೇ. ಭೂತಾನ್, ನೇಪಾಳ, ಸಿಂಗಪುರ, ಸಂಯುಕ್ತ ಅರಬ್ ಎಮಿರೇಟ್ಸ್, 2024ರ ಫೆಬ್ರುವರಿಯಿಂದ ಶ್ರೀಲಂಕಾ ಮತ್ತು ಮಾರಿಷಸ್, ಹೀಗೆ ಹಲವೆಡೆ ನಿಗದಿತ ಅಂಗಡಿಗಳಲ್ಲಿ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಿ ಭಾರತದ ಖಾತೆಯಿಂದ ನೇರವಾಗಿ ಪಾವತಿಸಬಹುದು. ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿಯೂ ಅದೇ ತಿಂಗಳು ಇದು ಆರಂಭವಾಯಿತು. ಅದಕ್ಕೆ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಸೌಲಭ್ಯವನ್ನು ಬೇರೆಯಾಗಿ ಆನ್ ಮಾಡಿಕೊಳ್ಳಬೇಕು. ಸಿಂಗಪುರಕ್ಕೆ ಇನ್ನೂ ಒಂದು ಅನುಕೂಲವಿದೆ: 2023ರ ಫೆಬ್ರುವರಿ 21ರಂದು ಯುಪಿಐ ಮತ್ತು ಅಲ್ಲಿನ ಪೇನೌ ವ್ಯವಸ್ಥೆ ಒಂದಕ್ಕೊಂದು ಜೋಡಣೆಯಾದ ಮೇಲೆ, ಇದರಲ್ಲಿ ಸೇರಿರುವ ಬ್ಯಾಂಕುಗಳ ಗ್ರಾಹಕರು ಇಲ್ಲಿಂದ ಅಲ್ಲಿನ ಮೊಬೈಲ್ ಸಂಖ್ಯೆಗೇ ಹಣ ಕಳುಹಿಸಬಹುದು, ಆರಂಭದಲ್ಲಿ ದಿನಕ್ಕೆ 60,000 ರೂಪಾಯಿಯ ಮಿತಿ ಇಟ್ಟಿದ್ದರು. ಅಲ್ಲಿರುವ ಪರಿಚಿತರ ಸಂಖ್ಯೆಗೆ ಕಳುಹಿಸಿ ಅವರಿಂದ ಡಾಲರ್ ಪಡೆಯುವುದು ಸುಲಭ. ಆದರೆ ರೋಮ್ ನಗರದ ಬೀದಿಯಲ್ಲಿ ಯುಪಿಐ ಆಸರೆಯಾಗುವುದಿಲ್ಲ. ಹೊಸ ಫೋನಿನಲ್ಲಿ ಯುಪಿಐ ಹೊಂದಿಸಿಕೊಳ್ಳಲು ಭಾರತದ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಪಿನ್ ಮರೆತಿದ್ದರೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳನ್ನೋ ಆಧಾರ್ ಒಟಿಪಿಯನ್ನೋ ಕೇಳುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ನಗದು ಬರುವವರೆಗೆ ಕಾಯುವಾಗ ನಾವು ಕಂಡುಕೊಂಡ ಇನ್ನೊಂದು ಸಂಗತಿ ಬಹಳ ಉಪಯೋಗಕ್ಕೆ ಬಂತು. ಪ್ರವಾಸಿಯ ಖರ್ಚಿನಲ್ಲಿ ನಗದೇ ಆಗಬೇಕಾದ ಭಾಗ ತೀರ ಸಣ್ಣದು. ಮುಂದಿನ ಎರಡು ರಾತ್ರಿಗಳ ಕೋಣೆ, ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ರೈಲಿನ ಟಿಕೆಟ್, ಮ್ಯೂಸಿಯಂ ಪ್ರವೇಶ ಇವೆಲ್ಲವನ್ನೂ ನಾನು ಬೆಂಗಳೂರಿನಲ್ಲಿ ಕುಳಿತು, ನನ್ನ ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ಬಳಕೆಯನ್ನು ಆನ್ ಮಾಡಿ, ಅವರ ಹೆಸರಿನಲ್ಲಿ ಕೊಂಡೆ. ಟಿಕೆಟ್ಟುಗಳು ವಾಟ್ಸಾಪಿನಲ್ಲಿ ಹೋದವು. ಕೋಣೆಯನ್ನು ಕಾಯ್ದಿರಿಸುವಾಗ ಒಂದು ಎಚ್ಚರಿಕೆ ಬೇಕು: "ಅಲ್ಲಿಗೆ ಬಂದು ಪಾವತಿಸಿ" ಎನ್ನುವ ಬುಕಿಂಗ್ ಮಾಡಿದರೆ ಹೋಟೆಲಿನವರು ಅತಿಥಿಯ ಕಾರ್ಡನ್ನೇ ಕೇಳುತ್ತಾರೆ, ಪೂರ್ತಿ ಹಣ ಮುಂಚೆಯೇ ಕಟ್ಟುವ ಬುಕಿಂಗ್ ಆಗಬೇಕು.

ಕಷ್ಟದಲ್ಲಿರುವವರ ಮುಂದೆ ಇನ್ನೊಂದು ದಾರಿಯೂ ತಾನಾಗಿ ಬಂದು ನಿಲ್ಲುತ್ತದೆ, ಅದರ ಬಗ್ಗೆ ಗಟ್ಟಿಯಾಗಿಯೇ ಎಚ್ಚರಿಸಬೇಕು. "ನಾನಿಲ್ಲಿ 500 ಯೂರೋ ಕೊಡ್ತೀನಿ, ನಿಮ್ಮ ಮನೆಯವರು ಭಾರತದಲ್ಲಿ ನನ್ನವರ ಖಾತೆಗೆ ರೂಪಾಯಿ ಹಾಕಲಿ" ಎಂದು ಪರಿಚಯವಿಲ್ಲದವರು ವಾಟ್ಸಾಪ್ ಗುಂಪುಗಳಲ್ಲಿ ಮುಂದೆ ಬರುತ್ತಾರೆ. ಅಧಿಕೃತ ಬ್ಯಾಂಕು ಅಥವಾ ವಿನಿಮಯ ಸಂಸ್ಥೆಯನ್ನು ಬಿಟ್ಟು ಹೀಗೆ ಎರಡು ದೇಶಗಳ ನಡುವೆ ಹಣವನ್ನು ಅದಲುಬದಲು ಮಾಡುವುದಕ್ಕೇ ಹವಾಲಾ ಎನ್ನುವುದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ 3ನೇ ಸೆಕ್ಷನ್ ತಡೆಯುವುದು ಇಂಥ ವ್ಯವಹಾರವನ್ನೇ. ರೂಪಾಯಿ ಹಾಕಿಸಿಕೊಂಡು ಯೂರೋ ಕೊಡದೆ ಮಾಯವಾಗುವ ವಂಚನೆಯ ಅಪಾಯ ಬೇರೆ. ಹಣವಿಲ್ಲದ ಹೊತ್ತಿನಲ್ಲಿ ಇದು ಉಪಕಾರದಂತೆ ಕಾಣುತ್ತದೆ ಎಂಬುದೇ ಇದರ ದೊಡ್ಡ ಅಪಾಯ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಪಡೆಯಲು ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಹಾಗಾಗಿ ನಮ್ಮಿಂದ ಇಟಲಿಗೋ ಫ್ರಾನ್ಸಿಗೋ ಹೋಗುವ ಪ್ರತಿ ಪ್ರವಾಸಿಯ ಚೀಲದಲ್ಲೂ ಒಂದು ಪಾಲಿಸಿ ಇದ್ದೇ ಇರುತ್ತದೆ, ಆಸ್ಪತ್ರೆಯ ಪ್ರಸಂಗ ಬಂದರೆ ಮಾತ್ರ ಅದನ್ನು ಬಿಡಿಸಿ ನೋಡುವುದು ರೂಢಿ. ಅನೇಕ ಪಾಲಿಸಿಗಳಲ್ಲಿ ಕಳ್ಳತನವಾದಾಗ ತುರ್ತು ನಗದಿನ ನೆರವು ಎಂಬ ಒಂದು ಅಂಶವಿರುತ್ತದೆ. ಅದು ಸಾಮಾನ್ಯವಾಗಿ ಪರಿಹಾರವಲ್ಲ, ಮುಂಗಡ. ವಿಮಾ ಸಂಸ್ಥೆಯ ಸಹಾಯಕರು ಅಲ್ಲಿ ಹಣದ ಏರ್ಪಾಟು ಮಾಡುತ್ತಾರೆ, ಆ ಮೊತ್ತವನ್ನು ಮನೆಯವರು ಇಲ್ಲಿ ಕಟ್ಟಿಕೊಡಬೇಕು. ಇದಕ್ಕೆ ಸ್ಥಳೀಯ ಪೊಲೀಸರ ವರದಿ ಬೇಕಾಗುತ್ತದೆ. ಇಟಲಿಯಲ್ಲಿ ಅದಕ್ಕೆ ದೆನೂಂಚಾ ಎನ್ನುತ್ತಾರೆ; ಠಾಣೆಯಲ್ಲಿ ನಮೂನೆ ತುಂಬಿ, ಮುದ್ರೆ ಹಾಕಿದ ಪ್ರತಿಯನ್ನು ಪಡೆದುಕೊಳ್ಳಲು ಮರೆಯಬಾರದು. ಊರಿಗೆ ಬಂದ ಮೇಲೆ ಬ್ಯಾಂಕಿನ ವಿಚಾರಣೆಗೂ ಅದೇ ಪ್ರತಿ ಆಧಾರವಾಯಿತು.

ಪಾಸ್‌ಪೋರ್ಟ್ ಕೂಡ ಹೋಗಿದ್ದರೆ ಕಥೆಯೇ ಬೇರೆ. ಮೇಲೆ ಹೇಳಿದ ನಗದಿನ ದಾರಿಗಳೆಲ್ಲ ಪಾಸ್‌ಪೋರ್ಟನ್ನು ಕೇಳುವುದರಿಂದ ಅವೆಲ್ಲವೂ ಒಮ್ಮೆಗೇ ಮುಚ್ಚಿಹೋಗುತ್ತವೆ, ಆಗ ಮೊದಲು ಹೋಗಬೇಕಾದದ್ದು ಭಾರತದ ರಾಯಭಾರ ಕಚೇರಿಗೆ; ಇಟಲಿಯಲ್ಲಾದರೆ ರೋಮ್‌ನಲ್ಲಿ ರಾಯಭಾರ ಕಚೇರಿ, ಮಿಲಾನ್‌ನಲ್ಲಿ ಕಾನ್ಸುಲೇಟ್ ಇವೆ. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಸಂಕಷ್ಟದಲ್ಲಿರುವ ಭಾರತೀಯರಿಗಾಗಿ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಲ್ಲ ರಾಯಭಾರ ಕಚೇರಿಗಳಲ್ಲೂ ಇದೆ. ವಸತಿ, ಊಟ, ಹಿಂದಿರುಗುವ ವಿಮಾನ ಟಿಕೆಟ್ ಇಂಥವುಗಳಿಗೆ ಅದರಿಂದ ನೆರವು ಸಿಗಬಹುದು. ಆದರೆ ಅದು ಬೇರೆ ಯಾವ ಆಸರೆಯೂ ಇಲ್ಲದವರಿಗೆ, ಅವರ ಆರ್ಥಿಕ ಸ್ಥಿತಿಯನ್ನು ನೋಡಿ ಕೊಡುವ ನಿಧಿ. ಮೋಸಹೋದ ಕಾರ್ಮಿಕರು, ಮಾಲೀಕರು ಕೈಬಿಟ್ಟ ಮನೆಗೆಲಸದ ಹೆಂಗಸರು ನಂಬಿಕೊಂಡಿರುವ ಆ ಹಣವನ್ನು, ಮೈಸೂರಿನ ಖಾತೆಯಲ್ಲಿ ದುಡ್ಡಿರುವ ಪ್ರವಾಸಿ ಬಯಸಬಾರದು ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ಕೇಳಿದ ಮೇಲೆ ಚಿಕ್ಕಪ್ಪ, ಮೊದಲಿನ ಟ್ರಾವೆಲರ್ಸ್ ಚೆಕ್ಕೇ ವಾಸಿಯಿತ್ತು ಎಂದರು. ಅವರ ಮಾತಿನಲ್ಲಿ ಹುರುಳಿದೆ. ಅಮೆರಿಕನ್ ಎಕ್ಸ್‌ಪ್ರೆಸ್ 1891ರಲ್ಲಿ ತಂದ ಆ ಚೆಕ್ಕಿಗೆ ಕೊಳ್ಳುವಾಗ ಒಂದು ಸಹಿ, ಮುರಿಸುವಾಗ ಇನ್ನೊಂದು ಸಹಿ. ಕಳೆದುಹೋದರೆ ಕ್ರಮಸಂಖ್ಯೆ ಹೇಳಿ ಬದಲಿ ಚೆಕ್ಕು ಪಡೆಯಬಹುದಿತ್ತು. ಕಳೆಯಬಹುದು ಎಂಬುದನ್ನು ಮೊದಲೇ ಎಣಿಸಿ ಕಟ್ಟಿದ ವ್ಯವಸ್ಥೆ ಅದು. ಈಗ ಆ ಎಣಿಕೆಯನ್ನು ಪ್ರಯಾಣಿಕರೇ ಮಾಡಿಕೊಳ್ಳಬೇಕಾಗಿದೆ.

ಹಾಗೆ ನೋಡಿದರೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ಅವರ ಬ್ಯಾಂಕು ಕೊಟ್ಟೇ ಇತ್ತು. ಫಾರೆಕ್ಸ್ ಕಾರ್ಡಿನ ಲಕೋಟೆಯಲ್ಲಿ ಒಂದು ಕಳೆದರೆ ಇನ್ನೊಂದಿರಲಿ ಎಂದು ಎರಡನೆಯ ಕಾರ್ಡನ್ನೂ ಇಟ್ಟಿದ್ದರು. ಮೊದಲನೆಯದನ್ನು ಬ್ಲಾಕ್ ಮಾಡಿಸಿ ಎರಡನೆಯದನ್ನು ಚಾಲೂ ಮಾಡಿಸಿದರೆ ಉಳಿದ ಯೂರೋಗಳೆಲ್ಲ ಅದಕ್ಕೆ ಬರುತ್ತಿದ್ದವು. ಆ ಎರಡನೆಯ ಕಾರ್ಡ್ ಲಕೋಟೆಯ ಸಮೇತ ಮೈಸೂರಿನ ಬೀರುವಿನಲ್ಲಿ, ಮನೆಯ ಪತ್ರಗಳ ಕೆಳಗೆ ಭದ್ರವಾಗಿತ್ತು. ಅಮೂಲ್ಯವಾದದ್ದನ್ನು ಬೀರುವಿನಲ್ಲಿಡಬೇಕೆಂಬ ನಮ್ಮ ಅಭ್ಯಾಸ ಈ ಒಂದು ವಸ್ತುವಿನ ವಿಷಯದಲ್ಲಿ ತಲೆಕೆಳಗಾಗಬೇಕು. ಗಂಡನ ಪರ್ಸಿನಲ್ಲಿ ಒಂದು, ಹೆಂಡತಿಯ ಚೀಲದಲ್ಲಿ ಒಂದು, ಎರಡೂ ಬೇರೆ ಬೇರೆ ಬ್ಯಾಂಕಿನವಾದರೆ ಇನ್ನೂ ಒಳ್ಳೆಯದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರವಾಸಕ್ಕೆ 3,000 ಡಾಲರ್ ಬೆಲೆಯ ವಿದೇಶಿ ನೋಟುಗಳನ್ನು ಒಯ್ಯಬಹುದು. ಅಷ್ಟೆಲ್ಲ ಬೇಡ, ಎರಡು ದಿನ ಕಳೆಯುವಷ್ಟನ್ನು ಪರ್ಸಿನಿಂದ ದೂರವಾಗಿ ಇಟ್ಟುಕೊಂಡರೆ ಸಾಕು.

ಶುಕ್ರವಾರ ರಾತ್ರಿಯ ಊಟ, ಹೋಟೆಲಿಗೆ ಮರಳಿದ ಟ್ಯಾಕ್ಸಿ, ಮರುದಿನ ಪೊಲೀಸ್ ಠಾಣೆಗೆ ಹೋಗಿಬಂದ ಖರ್ಚು, ಎಲ್ಲವೂ ನಡೆದದ್ದು ಎರಡು 50 ಯೂರೋ ನೋಟುಗಳಿಂದ. ಚಿಕ್ಕಮ್ಮ ಅವನ್ನು ಎಂಟು ಮಡಿಕೆ ಮಾಡಿ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದರು. ಅವರ ಅಮ್ಮ ಜಾತ್ರೆಗೆ ಹೋಗುವಾಗ ಸೆರಗಿನ ತುದಿಯಲ್ಲಿ ಒಂದು ರೂಪಾಯಿ ಗಂಟು ಹಾಕಿಕೊಳ್ಳುತ್ತಿದ್ದರಂತೆ. ಟ್ಯಾಕ್ಸಿಯವನು ಅಂಚಿಗೆ ಕೆಂಪು ಹತ್ತಿದ ನೋಟನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಜೇಬಿಗೆ ಹಾಕಿಕೊಂಡು ಚಿಲ್ಲರೆ ಕೊಟ್ಟನಂತೆ.